ಶಾಲೆಯ ಅಂಕವೋ, ಬಡಾವಣೆಯ ಅಂಕವೋ?

ಕೇಳುಗರೇ, ನಮಸ್ಕಾರ.

ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ವಾಯವ್ಯಕ್ಕೆ ಹೊಂದಿಕೊಂಡು ಮೇರಿಲ್ಯಾಂಡ್ ರಾಜ್ಯದ ಮಾಂಟ್ಗೊಮೆರಿ ಕೌಂಟಿ ಇದೆ. ಕೌಂಟಿ ಎಂದರೆ ಹೆಚ್ಚು ಕಡಿಮೆ ನಮ್ಮ ಜಿಲ್ಲೆ. ಹತ್ತು ಲಕ್ಷಕ್ಕೂ ಮೀರಿದ ಜನ. ಅಲ್ಲಿನ ಜರ್ಮನ್‌ಟೌನ್, ಕ್ಲಾರ್ಕ್ಸ್‌ಬರ್ಗ್, ರಾಕ್‌ವಿಲ್ ಕಡೆ ಕನ್ನಡದ ಮನೆಗಳೂ ಇವೆ. ಆ ಕೌಂಟಿಯ ಸರ್ಕಾರಿ ಹೈಸ್ಕೂಲುಗಳ ವಿಚಾರ ನನ್ನನ್ನು ಹಿಡಿದು ಕೂರಿಸಿದ್ದು ಅಣ್ಣನ ಮಗಳು ಕೇಳಿದ ಒಂದು ಪ್ರಶ್ನೆಯಿಂದ: "ಚಿಕ್ಕಪ್ಪ, ಮನೆ ಚೆನ್ನಾಗಿದೆ, ಬೆಲೆಯೂ ನಮ್ಮ ಕೈಗೆ ಎಟಕುತ್ತದೆ. ಆದರೆ ಆ ಬೀದಿಗೆ ಸೇರಿದ ಹೈಸ್ಕೂಲಿಗೆ ಹತ್ತಕ್ಕೆ ಐದೇ ಅಂಕವಂತೆ. ಬಿಟ್ಟುಬಿಡೋಣವೇ?"

ಮನೆ ಕೊಳ್ಳುವವರು ಶಾಲೆಯ ಅಂಕ ನೋಡುವುದೇಕೆ ಎಂದು ನಿಮಗೆ ಅನ್ನಿಸಬಹುದು. ಅಲ್ಲಿ ಮಗು ಯಾವ ಸರ್ಕಾರಿ ಶಾಲೆಗೆ ಹೋಗಬೇಕೆಂಬುದನ್ನು ಸಾಮಾನ್ಯವಾಗಿ ಮನೆಯ ವಿಳಾಸವೇ ತೀರ್ಮಾನಿಸುತ್ತದೆ. ಒಂದು ರಸ್ತೆಯ ಈ ಬದಿಯ ಮಕ್ಕಳು ಒಂದು ಹೈಸ್ಕೂಲಿಗೆ, ಆ ಬದಿಯವರು ಇನ್ನೊಂದಕ್ಕೆ ಹೋಗಬೇಕಾಗಿ ಬರಬಹುದು. ಆದ್ದರಿಂದಲೇ ಮನೆ ಮಾರಾಟದ ಜಾಹೀರಾತಿನಲ್ಲಿ ಮಲಗುವ ಕೋಣೆಗಳೆಷ್ಟು, ಗ್ಯಾರೇಜು ಎಷ್ಟು ಕಾರಿನದು ಎಂಬುದರ ಕೆಳಗೆ ಶಾಲೆಯ ಹೆಸರೂ, ಶಾಲೆಗಳನ್ನು ಅಳೆಯುವ ಜಾಲತಾಣಗಳು ಅದಕ್ಕೆ ಹತ್ತಕ್ಕೆ ಇಷ್ಟೆಂದು ಕೊಟ್ಟ ಅಂಕವೂ ಅಚ್ಚಾಗಿರುತ್ತವೆ.

ಈಗ ಒಂದು ಮುಖ್ಯ ಸಂಗತಿ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಒಂದೊಂದು ಪುಟ್ಟ ಊರಿಗೂ ಪ್ರತ್ಯೇಕ ಶಾಲಾ ಆಡಳಿತವಿದೆ. ಸಿರಿವಂತ ಊರಿನ ತೆರಿಗೆ ಆ ಊರಿನ ಶಾಲೆಗೇ ಹೋಗುತ್ತದೆ. ಮೇರಿಲ್ಯಾಂಡಿನಲ್ಲಿ ಹಾಗಲ್ಲ. ಕೌಂಟಿಗೆ ಒಂದೇ ಆಡಳಿತ. ಮಾಂಟ್ಗೊಮೆರಿಯಲ್ಲಿ ಸುಮಾರು 1.6 ಲಕ್ಷ ವಿದ್ಯಾರ್ಥಿಗಳು, ರಾಜ್ಯದಲ್ಲೇ ಅತಿ ದೊಡ್ಡ ವ್ಯವಸ್ಥೆ. ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ 25 ಹೈಸ್ಕೂಲುಗಳಿಗೆ ಒಂದೇ ಬೊಕ್ಕಸ, ಶಿಕ್ಷಕರಿಗೆ ಒಂದೇ ವೇತನ ಶ್ರೇಣಿ. ಹಾಗಿದ್ದೂ ಫಲಿತಾಂಶದಲ್ಲಿ ಅಜಗಜಾಂತರ. ಬೆಥೆಸ್ಡಾದ ವಾಲ್ಟ್ ವಿಟ್ಮನ್ ಹೈಸ್ಕೂಲು ಯಾವ ಪಟ್ಟಿಯಲ್ಲಿ ನೋಡಿದರೂ ಮೇಲೆ. ಸಿಲ್ವರ್ ಸ್ಪ್ರಿಂಗ್ ಕಡೆಯ ಕೆನಡಿ, ಗೈದರ್ಸ್‌ಬರ್ಗ್ ಬಳಿಯ ವಾಟ್ಕಿನ್ಸ್ ಮಿಲ್ ಬಹಳ ಕೆಳಗೆ.

ಮಕ್ಕಳು ಯಾರು ಎಂದು ನೋಡಿದರೆ ಉತ್ತರದ ಬಹುಪಾಲು ಅಲ್ಲೇ ಇದೆ. ನಮ್ಮಲ್ಲಿ ಸರ್ಕಾರಿ ಶಾಲೆಯ ಬಿಸಿಯೂಟ ಎಲ್ಲ ಮಕ್ಕಳಿಗೂ ಉಂಟು, ಅದು ನಮ್ಮ ಹೆಮ್ಮೆ. ಅಲ್ಲಿ ಉಚಿತ ಅಥವಾ ಕಡಿಮೆ ದರದ ಊಟಕ್ಕೆ ಕುಟುಂಬದ ಆದಾಯ ಬಡತನ ರೇಖೆಯ ಶೇ. 185ರೊಳಗೆ ಇರಬೇಕೆಂಬುದು ಬಹುಕಾಲದ ನಿಯಮ. ಆ ಊಟಕ್ಕೆ ಅರ್ಹರಾದವರ ಪ್ರಮಾಣವೇ ಶಾಲೆಯ ಬಡತನದ ಅಳತೆಗೋಲು. ವಿಟ್ಮನ್‌ನಲ್ಲಿ ಅಂಥ ಮಕ್ಕಳು ತೀರ ಕಡಿಮೆ. ಕೆನಡಿ, ವಾಟ್ಕಿನ್ಸ್ ಮಿಲ್‌ಗಳಲ್ಲಿ ಅರ್ಧಕ್ಕೂ ಹೆಚ್ಚು. ಅಂಕಗಳ ಪಟ್ಟಿಯನ್ನೂ ಮನೆಗಳ ಬೆಲೆಯ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟರೆ ಎರಡೂ ಹೆಚ್ಚು ಕಡಿಮೆ ಒಂದೇ ಕಥೆ ಹೇಳುತ್ತವೆ.

ಇಡೀ ಕೌಂಟಿಯನ್ನು ತೆಗೆದುಕೊಂಡರೆ ಇಂದು ಯಾವ ಸಮುದಾಯದ ಮಕ್ಕಳೂ ಅರ್ಧದಷ್ಟಿಲ್ಲ. ಲ್ಯಾಟಿನ್ ಅಮೆರಿಕ ಮೂಲದವರು ಮೂರನೆಯ ಒಂದರಷ್ಟಿದ್ದು ಅವರೇ ದೊಡ್ಡ ಗುಂಪು. ಆಮೇಲೆ ಬಿಳಿಯರು, ಕಪ್ಪು ಜನ, ನಾವು ಏಷ್ಯನ್ನರು. ಪೋಷಕರಿಗೆ ಹೋಗುವ ಪ್ರಕಟಣೆಗಳು ಸ್ಪ್ಯಾನಿಷ್, ಚೀನೀ, ಕೊರಿಯನ್, ವಿಯೆಟ್ನಾಮೀಸ್, ಫ್ರೆಂಚ್, ಪೋರ್ಚುಗೀಸ್ ಭಾಷೆಗಳಲ್ಲಲ್ಲದೆ ಇಥಿಯೋಪಿಯದ ಅಮ್ಹಾರಿಕ್‌ನಲ್ಲೂ ಹೊರಡುತ್ತವೆ.

ಎಲ್ ಸಾಲ್ವಡಾರ್‌ನಿಂದಲೋ ಗ್ವಾಟೆಮಾಲಾದಿಂದಲೋ ಹದಿನಾರು ವರ್ಷದ ಹುಡುಗನೊಬ್ಬ ಬಂದು ಸೇರುತ್ತಾನೆ ಎನ್ನಿ. ಊರಿನಲ್ಲಿ ಅವನ ಓದು ನಡುವೆ ನಿಂತಿತ್ತು. ಇಲ್ಲಿ ಇಂಗ್ಲಿಷನ್ನು ಮೊದಲಿನಿಂದ ಕಲಿಯಬೇಕು, ಸಂಜೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಕೆಲಸವೂ ಇದೆ. ನಾಲ್ಕು ವರ್ಷದಲ್ಲಿ ಹೈಸ್ಕೂಲು ಮುಗಿಸಿದವರೆಷ್ಟು ಎಂಬ ಲೆಕ್ಕ ಬಂದಾಗ ಅವನು ಐದು ವರ್ಷ ತೆಗೆದುಕೊಂಡನೆಂದರೆ ಆ ಲೆಕ್ಕಕ್ಕೆ ಸೇರುವುದಿಲ್ಲ. ಅವನನ್ನು ಹಿಡಿದು ಕೂರಿಸಿ, ಓದಿಸಿ, ದಾಟಿಸಿದ ಶಿಕ್ಷಕಿಯ ಶ್ರಮ ಶಾಲೆಯ ಹೆಸರಿಗೆ ಕುಂದಾಗಿ ದಾಖಲಾಗುತ್ತದೆ! ಮೇರಿಲ್ಯಾಂಡ್ ರಾಜ್ಯವು ಐದು ವರ್ಷಗಳ ಪ್ರಮಾಣವನ್ನೂ ಪ್ರಕಟಿಸುತ್ತದೆ, ನಿಜ. ಆದರೆ ಮನೆಯ ಜಾಹೀರಾತಿನ ತನಕ ಅದು ಬರುವುದಿಲ್ಲ. ನನಗೆ ಅತ್ಯಂತ ಅನ್ಯಾಯವೆನಿಸುವುದು ಇದು.

ಸರಾಸರಿ ಇನ್ನೊಂದು ಬಗೆಯಲ್ಲೂ ಮರೆಮಾಚುತ್ತದೆ. ಸಿಲ್ವರ್ ಸ್ಪ್ರಿಂಗಿನ ಮಾಂಟ್ಗೊಮೆರಿ ಬ್ಲೇರ್ ಹೈಸ್ಕೂಲಿನಲ್ಲಿ 1985ರಲ್ಲಿ ಗಣಿತ, ವಿಜ್ಞಾನ, ಕಂಪ್ಯೂಟರುಗಳ ವಿಶೇಷ ವಿಭಾಗ ಆರಂಭವಾಯಿತು. ಬಿಳಿಯ ಕುಟುಂಬಗಳು ದೂರವಾಗುತ್ತಿದ್ದ ಶಾಲೆಗೆ ಬೇರೆ ಕಡೆಯ ಮಕ್ಕಳನ್ನು ಸೆಳೆಯುವುದೂ ಅದರ ಒಂದು ಉದ್ದೇಶ. ವರ್ಷಕ್ಕೆ ಸುಮಾರು ನೂರು ಮಂದಿಗೆ ಪ್ರವೇಶ. ದೇಶಮಟ್ಟದ ವಿಜ್ಞಾನ ಸ್ಪರ್ಧೆಗಳಲ್ಲಿ ಆ ಮಕ್ಕಳ ಹೆಸರು ಮತ್ತೆ ಮತ್ತೆ ಕೇಳುತ್ತದೆ. ಆದರೆ ಶಾಲೆಯಲ್ಲಿರುವವರು ಸುಮಾರು ಮೂರು ಸಾವಿರ. ಉಳಿದವರ ಕಲಿಕೆ ಹೇಗಿದೆ ಎಂಬುದನ್ನು ಒಂದೇ ಅಂಕಿ ಹೇಳಲಾರದು.

ಈ ಅಂತರ ನಿನ್ನೆ ಮೊನ್ನೆಯದಲ್ಲ. 1927ರವರೆಗೆ ಈ ಕೌಂಟಿಯಲ್ಲಿ ಕಪ್ಪು ಮಕ್ಕಳಿಗೆ ಹೈಸ್ಕೂಲೇ ಇರಲಿಲ್ಲ. 1936ರಲ್ಲಿ ವಿಲಿಯಂ ಗಿಬ್ಸ್ ಎಂಬ ಕಪ್ಪು ಶಿಕ್ಷಕ, ತನ್ನ ಸಂಬಳ ಬಿಳಿಯ ಸಹೋದ್ಯೋಗಿಗಳ ಸಂಬಳದ ಅರ್ಧಕ್ಕಿಂತ ಕಡಿಮೆ ಎಂದು ನ್ಯಾಯಾಲಯದ ಮೆಟ್ಟಿಲೇರಿದರು. ಅವರ ಪರ ನಿಂತ ಯುವ ವಕೀಲ ತರ್ಗುಡ್ ಮಾರ್ಷಲ್, ಮುಂದೆ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದವರು. ಮರುವರ್ಷ ಕೌಂಟಿ ಮಣಿದು ವೇತನ ಸಮಾನತೆಗೆ ಒಪ್ಪಿತು. ಇಂದು ಜರ್ಮನ್‌ಟೌನ್‌ನ ಒಂದು ಪ್ರಾಥಮಿಕ ಶಾಲೆಗೆ ಗಿಬ್ಸ್ ಅವರದೇ ಹೆಸರಿದೆ. ರಾಕ್‌ವಿಲ್‌ನಲ್ಲಿ ಕಪ್ಪು ಮಕ್ಕಳಿಗೆಂದು 1951ರಲ್ಲಿ ತೆರೆದ ಕಾರ್ವರ್ ಹೈಸ್ಕೂಲು 1960ರಲ್ಲಿ ಮುಚ್ಚಿತು. ಆ ಕಟ್ಟಡ ಶಾಲಾ ಆಡಳಿತದ ಕೇಂದ್ರ ಕಚೇರಿಯಾಯಿತು.

ಇಷ್ಟು ಕೇಳಿ ಇದಕ್ಕೆ ಪರಿಹಾರವೇ ಇಲ್ಲವೆಂದು ಕೈಚೆಲ್ಲಬೇಡಿ. ಇದೇ ಕೌಂಟಿ 1974ರಲ್ಲಿ ಒಂದು ಕಾನೂನು ತಂದಿತು. ದೊಡ್ಡ ಬಡಾವಣೆ ಕಟ್ಟುವವರು ಒಂದಷ್ಟು ಮನೆಗಳನ್ನು ಸಾಧಾರಣ ಆದಾಯದವರ ಕೈಗೆಟಕುವ ಬೆಲೆಗೆ ಬಿಟ್ಟುಕೊಡಬೇಕು. ಅದರಲ್ಲಿ ಕೆಲವನ್ನು ಸರ್ಕಾರಿ ವಸತಿ ಸಂಸ್ಥೆ ಕೊಂಡು ಬಡವರಿಗೆ ಬಾಡಿಗೆಗೆ ಕೊಡುತ್ತದೆ. ಯಾವ ಕುಟುಂಬಕ್ಕೆ ಎಲ್ಲಿಯ ಮನೆ ಎಂಬುದು ಚೀಟಿ ಎತ್ತಿದ ಹಾಗೆ. ಸಂಶೋಧಕಿ ಹೆದರ್ ಶ್ವಾರ್ಟ್ಜ್ ಇಂಥ 858 ಪ್ರಾಥಮಿಕ ಶಾಲಾ ಮಕ್ಕಳ 2001ರಿಂದ 2007ರವರೆಗಿನ ಕಲಿಕೆಯನ್ನು ಹಿಂಬಾಲಿಸಿ 2010ರಲ್ಲಿ ವರದಿ ಕೊಟ್ಟರು. ಬಡತನ ಕಡಿಮೆಯಿರುವ ಶಾಲೆಗೆ ಬಿದ್ದ ಬಡ ಮಕ್ಕಳು, ಬಡತನವಿಲ್ಲದ ಮಕ್ಕಳೊಂದಿಗಿನ ಅಂತರವನ್ನು ಪ್ರಾಥಮಿಕ ಹಂತ ಮುಗಿಯುವ ಹೊತ್ತಿಗೆ ಗಣಿತದಲ್ಲಿ ಅರ್ಧದಷ್ಟು, ಓದಿನಲ್ಲಿ ಮೂರನೆಯ ಒಂದರಷ್ಟು ತಗ್ಗಿಸಿದ್ದರು. ಬಡ ಶಾಲೆಗಳಿಗೆ ಕೌಂಟಿ ಆಗ ಹೆಚ್ಚುವರಿ ಹಣ ಸುರಿಯುತ್ತಿತ್ತು, ಚಿಕ್ಕ ತರಗತಿಗಳನ್ನೂ ಮಾಡಿತ್ತು. ಹಾಗಿದ್ದೂ ಆ ಶಾಲೆಗಳಲ್ಲಿ ಓದಿದ ಬಡ ಮಕ್ಕಳಿಗಿಂತ, ಬಡತನ ಕಡಿಮೆಯಿರುವ ಶಾಲೆಗೆ ಹೋದವರೇ ಮುಂದೆ. ಪಕ್ಕದ ಬೆಂಚಿನಲ್ಲಿ ಯಾರು ಕೂರುತ್ತಾರೆ ಎಂಬುದಕ್ಕೆ ಅಷ್ಟು ಬೆಲೆ ಇದೆ.

ಹಾಗಾದರೆ ಯಾವ ಬೀದಿ ಯಾವ ಶಾಲೆಗೆ ಎಂಬ ಗಡಿಗೆರೆ ಬದಲಿಸಿ ಮಕ್ಕಳನ್ನು ಬೆರೆಸಬಹುದಲ್ಲ? ಅಲ್ಲೇ ನಮ್ಮವರ ಪರೀಕ್ಷೆ. 2019ರ ನವೆಂಬರಿನಲ್ಲಿ ಶಾಲಾ ಮಂಡಳಿಯು ಕ್ಲಾರ್ಕ್ಸ್‌ಬರ್ಗ್ ಹೈಸ್ಕೂಲಿನ ವ್ಯಾಪ್ತಿಯ ಕೆಲವು ಮಕ್ಕಳನ್ನು ಜರ್ಮನ್‌ಟೌನ್‌ನಲ್ಲಿ ಹೊಸ ಕಟ್ಟಡ ಏಳುತ್ತಿದ್ದ ಸೆನೆಕಾ ವ್ಯಾಲಿ ಎಂಬ ಹಳೆಯ ಹೈಸ್ಕೂಲಿಗೆ ಕಳಿಸಲು ತೀರ್ಮಾನಿಸಿತು. ಕ್ಲಾರ್ಕ್ಸ್‌ಬರ್ಗ್‌ನಲ್ಲಿ ಮಕ್ಕಳು ಕಿಕ್ಕಿರಿದಿದ್ದರು, ಸೆನೆಕಾ ವ್ಯಾಲಿಯಲ್ಲಿ ಬಡ ಮಕ್ಕಳು ಹೆಚ್ಚು. ಕ್ಲಾರ್ಕ್ಸ್‌ಬರ್ಗ್‌ನ ಪೋಷಕರು ಸಭೆಗಳಿಗೆ ಬಂದು ವಿರೋಧಿಸಿದರು. ಅವರಲ್ಲಿ ಏಷ್ಯಾ ಮೂಲದವರೂ ಬಹಳ ಮಂದಿ. ದೂರ ಹೆಚ್ಚುತ್ತದೆ ಎಂಬ ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಸೆನೆಕಾ ವ್ಯಾಲಿಯ ಮಕ್ಕಳ ಬಗ್ಗೆ ಆ ಹೊತ್ತಿನಲ್ಲಿ ಆಡಿದ ಕೆಲವು ಮಾತುಗಳನ್ನು ಅದೇ ಮಕ್ಕಳು ಕೇಳಿಸಿಕೊಳ್ಳುತ್ತಿದ್ದರು. ಇದನ್ನು ಮರೆಯಲು ನನ್ನಿಂದ ಆಗುವುದಿಲ್ಲ.

ಪಟ್ಟಿಯ ಮೇಲಿನ ಈ ಮೋಹವನ್ನು ನಾವು ಇಲ್ಲಿಂದಲೇ ಕೊಂಡೊಯ್ದಿದ್ದೇವೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ದಕ್ಷಿಣ ಕನ್ನಡ ಮೇಲೆ, ಕಲಬುರಗಿ ಕೆಳಗೆ ಎಂದು ಓದಿ ಪತ್ರಿಕೆ ಮಡಿಸಿಡುವವರು ನಾವೇ. 2025ರಲ್ಲಿ ಶೇ. 91 ಮತ್ತು ಶೇ. 42. ನಡುವಿನ ಶಿಕ್ಷಕರ ಕೊರತೆ, ಗುಳೆ ಹೋಗುವ ಕುಟುಂಬಗಳು ಶಿರೋನಾಮೆಗೆ ಬರುವುದಿಲ್ಲ.

ಅಣ್ಣನ ಮಗಳಿಗೆ ನಾನು ಹೇಳಿದ್ದಿಷ್ಟು: ಅಂಕ ಬದಿಗಿಡು, ಒಂದು ದಿನ ಶಾಲೆಗೆ ಹೋಗಿ ಬಾ. ಒಂಬತ್ತನೆಯ ತರಗತಿಗೆ ಸೇರಿದವರು ಹನ್ನೆರಡಕ್ಕೆ ಬರುವಾಗ ಎಷ್ಟು ಮುಂದೆ ಹೋಗಿದ್ದಾರೆ ಎಂದು ಕೇಳು. ಶಿಕ್ಷಕರು ಎಷ್ಟು ವರ್ಷ ಅಲ್ಲೇ ನಿಲ್ಲುತ್ತಾರೆ, ಮೇಲ್ಮಟ್ಟದ ಗಣಿತದ ತರಗತಿಯಲ್ಲಿ ಯಾವ ಯಾವ ಮಕ್ಕಳು ಕೂತಿದ್ದಾರೆ, ಇಂಗ್ಲಿಷ್ ಹೊಸದಾಗಿ ಕಲಿಯುವವರಿಗೆ ಏನು ವ್ಯವಸ್ಥೆ ಇದೆ, ಎಲ್ಲವನ್ನೂ ಕೇಳು. ಗೈದರ್ಸ್‌ಬರ್ಗ್‌ನಲ್ಲಿ ಕ್ರೌನ್ ಎಂಬ ಹೊಸ ಹೈಸ್ಕೂಲು, ರಾಕ್‌ವಿಲ್‌ನಲ್ಲಿ ವುಡ್ವರ್ಡ್ ಎಂಬ ಹಳೆಯ ಹೆಸರಿನ ಮರುನಿರ್ಮಾಣ ಕೈಗೆತ್ತಿಕೊಂಡಿದ್ದಾರೆ. ಹೊಸ ಶಾಲೆ ಬಂದಾಗಲೆಲ್ಲ ಗಡಿಗೆರೆಗಳ ಮೇಲೆ ಸಭೆಗಳು ನಡೆಯುತ್ತವೆ. ಅಲ್ಲಿ ನಿವಾಸಿಗಳಿಗೂ ಮಾತನಾಡಲು ಅವಕಾಶವಿರುತ್ತದೆ. ನಮ್ಮ ಕನ್ನಡದ ಮನೆಗಳಿಂದಲೂ ಅಲ್ಲಿಗೆ ಹೋಗಿ, ಪಕ್ಕದ ಬಡಾವಣೆಯ ಮಕ್ಕಳ ಪರವಾಗಿಯೂ ಎರಡು ಮಾತು ಆಡಿ ಬರಬೇಕು ಎಂಬುದು ನನ್ನ ಕೋರಿಕೆ.

ನಮಸ್ಕಾರ.