ಖಾಲಿ ಹಾಳೆಯ ಮೇಲೊಂದು ಸಹಿ

ಕೇಳುಗರಿಗೆ ನಮಸ್ಕಾರ. ನಾನು ವಕೀಲನಲ್ಲ, ಪೊಲೀಸನೂ ಅಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಮಾಸ್ತರ. ಪೊಲೀಸರ ಗುಂಡು, ಲಾಠಿ, ಲಾಕಪ್ಪಿನ ವಿಷಯ ಇವನಿಗೇಕೆ ಅಂತ ನೀವು ಕೇಳಬಹುದು. ಅದಕ್ಕೆ ಕಾರಣ ಒಂದು ಸಹಿ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಆಗ ನೌಕರಿ ಹೊಸದು. ಕಲಬುರಗಿಯಲ್ಲಿ ಒಂದು ಸಣ್ಣ ಹೋಟೆಲಿನಲ್ಲಿ ಸುಸಲಾ, ಮಿರ್ಚಿ ತಿನ್ನುತ್ತಾ ಕೂತಿದ್ದೆ. ಪೇದೆಯೊಬ್ಬರು ಬಂದರು. "ಮಾಸ್ತರ್, ಒಂದು ಸಹಿ ಹಾಕ್ರಿ. ಎರಡು ನಿಮಿಷದ ಕೆಲಸ." ಹಾಳೆ ಖಾಲಿ. ಕೆಳಗೆ ಎಡಗಡೆ ‘ಪಂಚರು’ ಅಂತ ಮಾತ್ರ ಬರೆದಿತ್ತು. ಪಂಚರು ಅಂದರೆ ಪೊಲೀಸರ ಶೋಧ, ಜಪ್ತಿಗೆ ಸಾಕ್ಷಿ ನಿಲ್ಲುವವರು. ನನ್ನ ಕೈಯಲ್ಲಿ ಮಿರ್ಚಿಯ ಎಣ್ಣೆ. ಹಾಳೆಯ ತುದಿಯಲ್ಲಿ ಹೆಬ್ಬೆರಳಿನ ಗುರುತು ಮೂಡಿತು. ಸಹಿ ಹಾಕಿದೆ. ಹೆದರಿ ಹಾಕಿದೆ ಅಂತಲ್ಲ. ಇಲ್ಲ ಅನ್ನಬಹುದು ಅಂತಲೇ ಗೊತ್ತಿರಲಿಲ್ಲ.

ಎರಡು ವರ್ಷದ ಮೇಲೆ ಕೋರ್ಟಿನಿಂದ ಸಮನ್ಸ್ ಬಂತು. ಕಟಕಟೆಯಲ್ಲಿ ನಿಂತೆ. ಒಂದು ಚಾಕು ತೋರಿಸಿ, "ಇದನ್ನು ನಿಮ್ಮ ಮುಂದೆಯೇ ಜಪ್ತಿ ಮಾಡಿದರಲ್ಲವೆ?" ಅಂತ ಕೇಳಿದರು. ಹಾಳೆ ಈಗ ಭರ್ತಿಯಾಗಿತ್ತು. ತುದಿಯಲ್ಲಿ ನನ್ನದೇ ಎಣ್ಣೆಗುರುತು. ನಾನು ಆ ಚಾಕು ನೋಡಿಯೇ ಇಲ್ಲ ಅಂದೆ. ಆರೋಪಿ ಹುಡುಗ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದ.

ಅಲ್ಲಿ ಯಾರ ಜೀವವೂ ಹೋಗಿರಲಿಲ್ಲ. ಆದರೆ ಪೊಲೀಸರ ಕೈಯಲ್ಲಿ ಜೀವ ಹೋದ ಸುದ್ದಿ ಓದುವಾಗೆಲ್ಲ ನಾನು ಮೊದಲು ಹುಡುಕುವುದು ಆ ಹಾಳೆಯನ್ನೇ. ಯಾರು ಬರೆದರು, ಎಷ್ಟು ಹೊತ್ತಿಗೆ ಬರೆದರು, ಯಾರ ಮುಂದೆ?

1997ರ ಮಾರ್ಚ್ 31. ದೆಹಲಿಯ ಕನಾಟ್ ಪ್ಲೇಸ್. ಉತ್ತರ ಪ್ರದೇಶದ ಒಬ್ಬ ಗ್ಯಾಂಗ್‌ಸ್ಟರ್‌ನನ್ನು ಹುಡುಕುತ್ತಿದ್ದ ಪೊಲೀಸರು ಒಂದು ಮಾರುತಿ ಎಸ್ಟೀಮ್ ಕಾರಿನ ಬೆನ್ನು ಹತ್ತಿದರು. ಸುತ್ತುವರಿದು ಗುಂಡು ಹಾರಿಸಿದರು. ಒಳಗಿದ್ದವರಲ್ಲಿ ಇಬ್ಬರು ಸತ್ತರು, ಇನ್ನೊಬ್ಬರಿಗೆ ಗಾಯವಾಯಿತು. ಆಮೇಲೆ ನೋಡಿದರೆ ಸತ್ತವರು ವ್ಯಾಪಾರಸ್ಥರು. ಆಳು ತಪ್ಪಿತ್ತು.

ಅಲ್ಲಿಗೆ ನಿಂತಿದ್ದರೆ ಅದೊಂದು ಘೋರ ತಪ್ಪು. ಆದರೆ ಪೊಲೀಸರು ಒಂದು ಕತೆ ಕಟ್ಟಿದರು. ಮೊದಲು ಗುಂಡು ಬಂದದ್ದು ಕಾರಿನೊಳಗಿಂದ, ನಾವು ಜೀವ ಉಳಿಸಿಕೊಳ್ಳಲು ಹಾರಿಸಿದೆವು ಅಂದರು. ಕಾರಿನಲ್ಲಿ ಪಿಸ್ತೂಲೂ ಸಿಕ್ಕಿತಂತೆ! ತನಿಖೆ ಸಿಬಿಐಗೆ ಹೋಯಿತು. ಕತೆ ನಿಲ್ಲಲಿಲ್ಲ. 2007ರಲ್ಲಿ ಒಬ್ಬ ಎಸಿಪಿ ಸೇರಿ ಹತ್ತು ಪೊಲೀಸರಿಗೆ ಜೀವಾವಧಿ ಶಿಕ್ಷೆಯಾಯಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಹದಿನಾಲ್ಕು ವರ್ಷ ಹಿಡಿಯಿತು ನೋಡ್ರಿ.

ಹಾಗಂತ ಕಾನೂನಿಗೆ ಪೊಲೀಸರ ಕಷ್ಟ ತಿಳಿಯದೆ ಇಲ್ಲ. ಕರ್ತವ್ಯದ ಮೇಲಿರುವ ನೌಕರ ಯಾವ ದ್ವೇಷವೂ ಇಲ್ಲದೆ, ಇದು ಅಗತ್ಯ ಅಂತ ಪ್ರಾಮಾಣಿಕವಾಗಿ ನಂಬಿ, ತನ್ನ ಅಧಿಕಾರ ಮೀರಿ ಜೀವ ತೆಗೆದರೆ ಅದು ಕೊಲೆಯಲ್ಲ, ಅದಕ್ಕಿಂತ ಕಡಿಮೆಯ ಅಪರಾಧ. ಹಳೆಯ ಐಪಿಸಿಯಲ್ಲೂ ಇದಿತ್ತು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ದೆಹಲಿಯವರು ಈ ರಿಯಾಯಿತಿ ಕೇಳಿದರು. ಸಿಗಲಿಲ್ಲ.

ಲೆಕ್ಕ ತಪ್ಪಿದ ಹುಡುಗನಿಗೂ ನಾನು ಕ್ರಮ ನೋಡಿ ಅಂಕ ಕೊಡುತ್ತಿದ್ದೆ. ಎಲ್ಲಿ ಎಡವಿದ ಅಂತ ಕಾಣುತ್ತದಲ್ಲ. ಉತ್ತರ ಮೊದಲು ಬರೆದು, ಆಮೇಲೆ ಕ್ರಮ ಹೊಂದಿಸಿದವನಿಗೆ ಮಾತ್ರ ಸೊನ್ನೆ.

ಈಗ ನಮ್ಮ ಊರಿನ ಮಾತಿಗೆ ಬರೋಣ. ಪತ್ರಿಕೆ ಬಿಡಿಸಿದರೆ ‘ಆರೋಪಿ ಕಾಲಿಗೆ ಗುಂಡು’ ಅನ್ನುವ ಸುದ್ದಿ ಆಗಾಗ ಸಿಗುತ್ತದೆ. ಒಳಗಿನ ಕತೆ ನಿಮಗೂ ಬಾಯಿಪಾಠ ಇರಬೇಕು. ಹಿಡಿಯಲು ಹೋದಾಗ ಆರೋಪಿ ಚಾಕು ತೆಗೆದ, ಪೇದೆಗೆ ಗಾಯವಾಯಿತು, ಗಾಳಿಯಲ್ಲಿ ಒಂದು ಗುಂಡು, ಆಮೇಲೆ ಕಾಲಿಗೆ. ಎಷ್ಟೋ ಸಲ ನಡೆದದ್ದೇ ಹಾಗಿರಬಹುದು. ಚಾಕು ಹಿಡಿದವನ ಎದುರು ನಿಲ್ಲುವುದು ಸುಮ್ನೆ ಮಾತಲ್ಲ. ಆದರೆ ಒಂದೇ ಉತ್ತರ, ಒಂದೇ ಅಕ್ಷರದಲ್ಲಿ, ನಾಲ್ಕು ಬೆಂಚಿನಲ್ಲಿ ಸಿಕ್ಕರೆ ಮಾಸ್ತರನಿಗೆ ಅನುಮಾನ ಬರುತ್ತದೆ, ಅಲ್ವಾ?

ಕಾಲಿಗೆ ತಾನೆ ಹೊಡೆದದ್ದು ಅಂತ ಕಟ್ಟೆಯ ಮೇಲೆ ಕೂತವರು ಹೇಳುತ್ತಾರೆ. ತೊಡೆಯೊಳಗೆ ದೊಡ್ಡ ರಕ್ತನಾಳ ಇದೆ. ಗುಂಡು ಅದಕ್ಕೆ ತಗುಲಿದರೆ ದವಾಖಾನೆ ಮುಟ್ಟುವ ಮೊದಲೇ ಜೀವ ಹೋಗಬಹುದು. 2014ರಲ್ಲಿ ಸುಪ್ರೀಂ ಕೋರ್ಟು ಎನ್‌ಕೌಂಟರ್‌ಗಳಿಗೆ ಹದಿನಾರು ನಿಯಮ ಹಾಕಿತು. ಜೀವ ಹೋದರೆ ತನಿಖೆ ಅದೇ ತಂಡದ ಕೈಯಲ್ಲಿ ಇರಕೂಡದು, ಸಿಐಡಿಯೋ ಬೇರೆ ಠಾಣೆಯವರೋ ಮಾಡಬೇಕು. ಗುಂಡು ಹಾರಿಸಿದವರು ಬಂದೂಕನ್ನು ಪರೀಕ್ಷೆಗೆ ಒಪ್ಪಿಸಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು. ಘಟನೆ ಆದ ಕೂಡಲೇ ಬಡ್ತಿ, ಶೌರ್ಯ ಪದಕ ಕೊಡಕೂಡದು. ಗಂಭೀರ ಗಾಯವಾದಾಗಲೂ ಸಾಧ್ಯವಾದಷ್ಟು ಇದೇ ನಿಯಮ ಅಂತಲೂ ಅಲ್ಲಿದೆ. ಕಾಲಿಗೆ ಗುಂಡು ಬಿದ್ದ ಮರುದಿನವೇ ಹಾರ ತುರಾಯಿ ಹಿಡಿದು ಠಾಣೆಗೆ ಓಡುವ ನಮ್ಮವರು ಇದನ್ನು ಓದಿದ್ದರೆ ಚೆನ್ನಾಗಿತ್ತು.

ಬಂಧನದ ಕಾನೂನು ಇನ್ನೂ ಸರಳ. ಗಲ್ಲು ಅಥವಾ ಜೀವಾವಧಿ ಶಿಕ್ಷೆಯಾಗಬಹುದಾದ ಅಪರಾಧದ ಆರೋಪ ಇಲ್ಲದವನನ್ನು ಹಿಡಿಯಲು ಹೋಗಿ ಅವನ ಜೀವ ತೆಗೆಯುವ ಹಕ್ಕು ಆ ಕಾನೂನಿನಲ್ಲಿ ಇಲ್ಲ. ಜೇಬುಗಳ್ಳ ಓಡಿದರೆ ಬೆನ್ನಟ್ಟಿ ಹಿಡಿಯಬೇಕು, ಅಷ್ಟೇ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರು ಅನ್ನುವ ವಾಟ್ಸಾಪ್ ಸುದ್ದಿ ನಂಬಿ ಜನ ಮುಗಿಬಿದ್ದರು. ಹೈದರಾಬಾದಿನ ಒಬ್ಬ ಯುವಕನನ್ನು ಹೊಡೆದು ಕೊಂದರು. ಬಿಡಿಸಲು ನಡುವೆ ನುಗ್ಗಿದವರು ಪೊಲೀಸರು. ಅವರಿಗೂ ಪೆಟ್ಟು ಬಿತ್ತು. ಅವತ್ತು ಆಳು ತಪ್ಪಿದ್ದು ಜನರದ್ದು. ಹಾಗಾಗಿ ಪೊಲೀಸರೆಂದರೆ ಕೆಟ್ಟವರು ಅನ್ನುವ ಮಾತಿಗೆ ನಾನು ತಲೆ ಆಡಿಸುವುದಿಲ್ಲ.

ಲಾಕಪ್ಪಿನಲ್ಲಿ ಮಾತ್ರ ಜನರೂ ಇಲ್ಲ, ಪತ್ರಿಕೆಯವರೂ ಇಲ್ಲ. 1986ರಲ್ಲಿ ಪಶ್ಚಿಮ ಬಂಗಾಳದ ಡಿ.ಕೆ. ಬಸು ಅವರು ಲಾಕಪ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಹತ್ತು ವರ್ಷದ ಮೇಲೆ, 1996ರ ಡಿಸೆಂಬರಿನಲ್ಲಿ ತೀರ್ಪು ಬಂತು. ಹಿಡಿಯುವ ಪೊಲೀಸರ ಎದೆಯ ಮೇಲೆ ಹೆಸರು ಕಾಣಬೇಕು. ಬಂಧಿಸಿದ ದಿನ, ಹೊತ್ತು ಬರೆದ ಮೆಮೊ ಇರಬೇಕು. ಅದಕ್ಕೆ ಮನೆಯವರೋ ಊರಿನ ಮರ್ಯಾದಸ್ಥರೋ ಸಹಿ ಹಾಕಬೇಕು. 48 ಗಂಟೆಗೊಮ್ಮೆ ಡಾಕ್ಟರು ನೋಡಬೇಕು. 2020ರಲ್ಲಿ ಪ್ರತಿ ಠಾಣೆಗೂ ಸಿಸಿ ಕ್ಯಾಮೆರಾ ಅಂತ ಆದೇಶವಾಯಿತು, ಲಾಕಪ್ಪಿಗೂ, ಧ್ವನಿ ಸಮೇತ. ಮೊದಲು ಕೆಡುವುದೂ ಆ ಕ್ಯಾಮೆರಾವೇ ಅನ್ನುವುದು ಬೇರೆ ಮಾತು.

2024ರ ಜುಲೈ 1ರಿಂದ ಬಂದ ಹೊಸ ಕಾನೂನಿನಲ್ಲಿ ಶೋಧ, ಜಪ್ತಿ ಎಲ್ಲವನ್ನೂ ವಿಡಿಯೋ ಮಾಡಬೇಕು. ಪಂಚರು ಸಹಿ ಹಾಕುವುದನ್ನೂ ಕೂಡ.

ಹೋದ ತಿಂಗಳು ನಮ್ಮ ಓಣಿಯ ಕಿರಾಣಿ ಅಂಗಡಿಯಲ್ಲಿ ಏನೋ ಜಪ್ತಿ ನಡೆದಿತ್ತು. ನನ್ನನ್ನೇ ಕರೆದರು. ಒಬ್ಬ ಪೇದೆ ಮೊಬೈಲು ಎತ್ತಿ ಹಿಡಿದಿದ್ದ. ಫೌಜದಾರರು ಹುಡುಗ, ನನ್ನ ಶಿಷ್ಯರ ವಯಸ್ಸು. ಹಾಳೆ ಪೂರ್ತಿ ಬರೆದಿದ್ದರು, ಓದಿದೆ. ಹೊತ್ತಿನ ಜಾಗ ಮಾತ್ರ ಖಾಲಿ. ಕೇಳಿದೆ. "ಆಮ್ಯಾಲೆ ಬರೀತೀವ್ರಿ ಸರ್, ನೀವು ಸಹಿ ಹಾಕ್ರಿ" ಅಂದರು. ನಾನು ಪೆನ್ನಿನ ಟೊಪ್ಪಿಗೆ ಹಾಕಿ ಜೇಬಿಗಿಟ್ಟೆ. ಅವರು ಮೊಬೈಲಿನ ಕಡೆ ನೋಡಿದರು, ಗೋಡೆಯ ಗಡಿಯಾರ ನೋಡಿದರು, 11-40 ಅಂತ ಬರೆದರು. ಆ ಗಡಿಯಾರ ಐದು ನಿಮಿಷ ಮುಂದಿದೆ ಅಂತ ಅಂಗಡಿಯವನೇ ಹೇಳಿದ. ಫೌಜದಾರರು ನಕ್ಕು, ಅದನ್ನು ಹೊಡೆದುಹಾಕಿ 11-35 ಮಾಡಿ, ಪಕ್ಕದಲ್ಲಿ ತಮ್ಮ ಸಣ್ಣ ಸಹಿ ಹಾಕಿದರು. ಆಮೇಲೆ ನಾನು ಪೆನ್ನು ತೆಗೆದೆ.