ಮಗ್ಗಿ ಹೇಳುತ್ತಾ ಓಡಿ

ಕೇಳುಗರಿಗೆ ನಮಸ್ಕಾರ.

ಓಟ ಶುರು ಮಾಡಿ ಬಿಟ್ಟವರು, ಮತ್ತೆ ಶುರು ಮಾಡಿ ಮತ್ತೆ ಬಿಟ್ಟವರು ನಿಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಇವತ್ತಿನ ಮಾತು ನಿಮಗೇ. ಪದಕಕ್ಕಾಗಿ ಓಡುವವರಿಗೆ ಕೋಚ್ ಇರುತ್ತಾರೆ, ವೈದ್ಯರು ಇರುತ್ತಾರೆ. ಕೆಲಸ, ಮನೆ, ಮಕ್ಕಳು ಎಲ್ಲವನ್ನೂ ನೋಡಿಕೊಂಡು, ನಡುವೆ ಸಿಕ್ಕ ಅರ್ಧ ಗಂಟೆಯಲ್ಲಿ ಓಡುವವರಿಗೆ ತಿಳಿಸಿ ಹೇಳುವವರು ಯಾರೂ ಇರುವುದಿಲ್ಲ. ನಾನು ತರಬೇತಿ ಕೊಡುವುದು ಅಂಥವರಿಗೇ. ಅವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ನಿಧಾನವಾಗಿ ಓಡಿ.

ಎಷ್ಟು ನಿಧಾನ? ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು ನಿಧಾನ. ಮಾತಿನ ಮಧ್ಯೆ ಉಸಿರಿಗೆ ತಡವರಿಸಿದರೆ ನೀವು ಜೋರಾಗಿ ಓಡುತ್ತಿದ್ದೀರಿ ಅಂತ ಅರ್ಥ. ಅಷ್ಟೇ ಪರೀಕ್ಷೆ. ಯಂತ್ರ ಬೇಡ, ವಾಚ್ ಬೇಡ.

ಇಷ್ಟೇನಾ ಅಂದುಕೊಂಡಿರಿ, ಅಲ್ವಾ? ಎಲ್ಲರೂ ಹಾಗೇ ಅಂದುಕೊಳ್ಳುತ್ತಾರೆ. ನನ್ನ ಮುಂದೆ ತಲೆ ಆಡಿಸುತ್ತಾರೆ. ಮರುದಿನ ಬೆಳಿಗ್ಗೆ ವಾಚ್ ನೋಡಿಕೊಳ್ಳುತ್ತಾ, ಏದುಸಿರು ಬಿಡುತ್ತಾ ಓಡುತ್ತಾರೆ. ಅದಕ್ಕೇ ಇದನ್ನು ಇವತ್ತು ಹತ್ತು ಸಲ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಹೊಸದಾಗಿ ಓಡುವವರಿಗೆ ಆಗುವುದು ಹೀಗೆ. ಮೊದಲ ವಾರ ಬಹಳ ಕಷ್ಟ. ಎರಡನೇ ವಾರ ಪರವಾಗಿಲ್ಲ. ನಾಲ್ಕನೇ ವಾರಕ್ಕೆ ಉಸಿರು ಹಿಡಿತಕ್ಕೆ ಬಂದಿರುತ್ತದೆ, ಕಾಲು ಹಗುರಾಗಿರುತ್ತದೆ, ಮನಸ್ಸು ಕುಣಿಯುತ್ತಿರುತ್ತದೆ. ನಿನ್ನೆಗಿಂತ ಇವತ್ತು ಜೋರು, ಇವತ್ತಿಗಿಂತ ನಾಳೆ ಜೋರು. ಆರನೇ ವಾರದ ಹೊತ್ತಿಗೆ ಕಣಕಾಲಿನ ಮೂಳೆಯ ಒಳಬದಿಯಲ್ಲಿ ನೋವು ಶುರುವಾಗುತ್ತದೆ. ಶಿನ್ ಸ್ಪ್ಲಿಂಟ್ ಅನ್ನುತ್ತಾರಲ್ಲ, ಅದು. ಇಲ್ಲವೇ ಬೆಳಿಗ್ಗೆ ಎದ್ದು ನೆಲಕ್ಕೆ ಕಾಲೂರಿದ ಕೂಡಲೇ ಹಿಮ್ಮಡಿಯಲ್ಲಿ ಚುಚ್ಚುವ ನೋವು. ಶೂ ಮೂಲೆ ಸೇರುತ್ತದೆ. ಎರಡು ತಿಂಗಳು ಕಳೆದ ಮೇಲೆ ಮತ್ತೆ ಮೊದಲಿನಿಂದ ಶುರು.

ಇದಕ್ಕೆ ಕಾರಣ ಸೋಮಾರಿತನ ಅಲ್ಲ, ವಯಸ್ಸೂ ಅಲ್ಲ. ದೇಹದ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಗಟ್ಟಿಯಾಗುವುದಿಲ್ಲ. ಓಡಲು ಶುರು ಮಾಡಿದ ಕೆಲವೇ ದಿನಗಳಲ್ಲಿ ರಕ್ತದ ನೀರಿನಂಶ ಹೆಚ್ಚಾಗುತ್ತದೆ. ಹೃದಯ ಒಂದು ಬಡಿತಕ್ಕೆ ಮೊದಲಿಗಿಂತ ಜಾಸ್ತಿ ರಕ್ತ ತಳ್ಳುತ್ತದೆ. ಕೆಲವು ವಾರಗಳಲ್ಲಿ ಸ್ನಾಯುಗಳು ಆಮ್ಲಜನಕವನ್ನು ಚೆನ್ನಾಗಿ ಬಳಸಲು ಕಲಿಯುತ್ತವೆ. ಆದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ, ಅಂದರೆ ಟೆಂಡನ್, ಗಟ್ಟಿಯಾಗಲು ತಿಂಗಳುಗಳು ಬೇಕು. ಮೂಳೆಯದು ಇನ್ನೂ ವಿಚಿತ್ರ. ಹೊಸ ಭಾರ ಬಿದ್ದಾಗ ಮೂಳೆ ಮೊದಲು ತನ್ನ ಹಳೆಯ ಭಾಗವನ್ನು ಕರಗಿಸುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಕರಗಿಸುವುದು ಕೆಲವೇ ವಾರದ ಕೆಲಸ. ಕಟ್ಟುವುದಕ್ಕೆ ಮೂರು ತಿಂಗಳಾದರೂ ಬೇಕು. ನಿಮ್ಮ ಉಸಿರು ಸಲೀಸಾಗಿ, ಇನ್ನೂ ಜೋರಾಗಿ ಓಡೋಣ ಅನ್ನಿಸುವ ಹೊತ್ತಿದೆಯಲ್ಲ, ಅದೇ ಹೊತ್ತಿಗೆ ನಿಮ್ಮ ಮೂಳೆ ಕಟ್ಟುವ ಕೆಲಸದ ನಡುವೆ ಇರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಕಾಲಿನ ಮೇಲೆ ಬೀಳುತ್ತದೆ. ವೇಗ ಹೆಚ್ಚಿದಷ್ಟೂ ಆ ಹೊಡೆತ ಹೆಚ್ಚು. ಹಾಗಾಗಿ ಮೂಳೆ ಕಟ್ಟಿ ಮುಗಿಸುವವರೆಗೆ ನಿಧಾನವಾಗಿ ಓಡಿ.

ಇದು ನಾನು ಕಂಡುಹಿಡಿದ ವಿಷಯ ಏನಲ್ಲ. ನ್ಯೂಜಿಲೆಂಡಿನಲ್ಲಿ ಆರ್ಥರ್ ಲಿಡಿಯಾರ್ಡ್ ಅಂತ ಒಬ್ಬ ಕೋಚ್ ಇದ್ದರು. ಶೂ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ತಮ್ಮ ಹುಡುಗರನ್ನು ಅವರು ವಾರಕ್ಕೆ 160 ಕಿಲೋಮೀಟರ್ ಓಡಿಸುತ್ತಿದ್ದರು. ಅದರಲ್ಲಿ ಬಹುಪಾಲು ಸುಸ್ತಾಗದ ವೇಗದ ಓಟ. 800 ಮೀಟರ್ ಓಡುವವನಿಗೂ ಅದೇ ತರಬೇತಿ. ಜನ ನಕ್ಕರು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅವರ ಶಿಷ್ಯ ಪೀಟರ್ ಸ್ನೆಲ್ 800 ಮೀಟರ್ ಚಿನ್ನ ಗೆದ್ದ. ಅದೇ ದಿನ ಇನ್ನೊಬ್ಬ ಶಿಷ್ಯ ಮರ್ರೆ ಹಾಲ್ಬರ್ಗ್ 5000 ಮೀಟರ್ ಚಿನ್ನ ಗೆದ್ದ. ಆಮೇಲೆ ಲಿಡಿಯಾರ್ಡ್ ಆಕ್ಲೆಂಡ್‌ನಲ್ಲಿ ಮಧ್ಯವಯಸ್ಸಿನವರನ್ನು, ಹೃದಯಾಘಾತ ಆಗಿದ್ದವರನ್ನೂ ಸೇರಿಸಿಕೊಂಡು ನಿಧಾನ ಓಟದ ಗುಂಪು ಕಟ್ಟಿದರು. ಅಮೆರಿಕದ ದೊಡ್ಡ ಕೋಚ್ ಬಿಲ್ ಬೋವರ್‌ಮನ್ ಅದನ್ನು ನೋಡಲು ಹೋಗಿ, ಆ ಗುಂಪಿನ ಜೊತೆ ಓಡಿ ಹಿಂದೆ ಬಿದ್ದರು. 70 ದಾಟಿದ, ಹೃದಯಾಘಾತದಿಂದ ಚೇತರಿಸಿಕೊಂಡಿದ್ದ ಹಿರಿಯರೊಬ್ಬರು ಅವರಿಗೆ ಜೊತೆ ಕೊಡಲು ಅಂತಲೇ ಹಿಂದೆ ಉಳಿದು, ಮಾತಾಡಿಸುತ್ತಾ ಓಡಿದರು. ಗಮನಿಸಿ. ಆ ವಯಸ್ಸಿನಲ್ಲಿ, ಮಾತಾಡುತ್ತಾ.

ಈಗ ನನ್ನ ಹತ್ತಿರ ತರಬೇತಿಗೆ ಬಂದಿದ್ದ ಒಬ್ಬರ ವಿಷಯ ಹೇಳಲೇಬೇಕು. ಗಣಿತದ ಟೀಚರ್. 40 ದಾಟಿದವರು. ಜೊತೆಯಲ್ಲಿ ಕೆಲಸ ಮಾಡುವ ಕೆಲವರು ಸೇರಿ ಒಂದು ಅಡೆತಡೆ ಓಟಕ್ಕೆ ಹೆಸರು ಕೊಟ್ಟಿದ್ದರು. ಇವರನ್ನೂ ಸೇರಿಸಿದ್ದರು. ಅಬ್‌ಸ್ಟಕಲ್ ರೇಸ್ ಅಂತಾರಲ್ಲ, ಅದು. ಗೋಡೆ ಹತ್ತಬೇಕು, ಕೆಸರಿನಲ್ಲಿ ಮುಳ್ಳುತಂತಿಯ ಕೆಳಗೆ ತೆವಳಬೇಕು, ಹಗ್ಗ ಏರಬೇಕು, ಭಾರದ ಬಕೆಟ್ ಹೊರಬೇಕು. ನಡುವೆ ಓಡುತ್ತಲೇ ಇರಬೇಕು. 1987ರಲ್ಲಿ ಇಂಗ್ಲೆಂಡಿನಲ್ಲಿ ಟಫ್ ಗೈ ಅನ್ನುವ ಓಟದಿಂದ ಈ ಹುಚ್ಚು ಹಬ್ಬಿತು. 2010ರಲ್ಲಿ ಅಮೆರಿಕದಲ್ಲಿ ಸ್ಪಾರ್ಟನ್ ರೇಸ್ ಮತ್ತು ಟಫ್ ಮಡರ್ ಶುರುವಾದವು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ ಮಾಡರ್ನ್ ಪೆಂಟಾಥ್ಲಾನ್, ಅಂದರೆ ಐದು ಆಟ ಸೇರಿದ ಸ್ಪರ್ಧೆಯಲ್ಲಿ ಕುದುರೆ ಸವಾರಿ ಹೋಗಿ ಅಡೆತಡೆ ಓಟ ಬರುತ್ತಿದೆ.

ಟೀಚರ್ ಬಂದಾಗ ಕುಂಟುತ್ತಿದ್ದರು. ನಾನು ಆಗಲೇ ಹೇಳಿದೆನಲ್ಲ, ಅದೇ ಆರನೇ ವಾರ, ಅದೇ ಕಣಕಾಲು. ನೋವು ಹೋಗುವವರೆಗೆ ನಡೆಯಿರಿ ಅಂದೆ. ನೋವು ಹೋದ ಮೇಲೆ, ಓಡುವಾಗ ಮಗ್ಗಿ ಹೇಳಿ ಅಂದೆ. ಜೋರಾಗಿ, ಬಾಯಿಬಿಟ್ಟು. ಅವರಿಗೆ ಸ್ವಲ್ಪ ಕೋಪ ಬಂತು. ಆದರೂ ಶುರು ಮಾಡಿದರು. ಹದಿಮೂರರ ಮಗ್ಗಿ. ಹದಿಮೂರೇಳ್ಲ ತೊಂಬತ್ತೊಂದಕ್ಕೆ ಬರುವಷ್ಟರಲ್ಲಿ ಉಸಿರು ಕಟ್ಟಿತು. ನಿಧಾನ ಮಾಡಿ ಅಂದೆ. ಇನ್ನೂ ನಿಧಾನ ಅಂದೆ. ಕೊನೆಗೆ ಮಗ್ಗಿ ತಡೆಯಿಲ್ಲದೆ ಬಂದಾಗ, ಪಕ್ಕದಲ್ಲಿ ಬಿರುಸಾಗಿ ನಡೆಯುತ್ತಿದ್ದವರು ಇವರನ್ನು ದಾಟಿ ಹೋದರು. "ಇದು ಓಟಾನಾ ಸರ್?" ಅಂತ ಟೀಚರ್ ಕೇಳಿದರು. ಹೌದು, ಇದೇ ಓಟ ಅಂದೆ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಅದೇ ಮಗ್ಗಿ ಮೊದಲಿಗಿಂತ ಬಹಳ ಜೋರು ಓಟದಲ್ಲೂ ನಿಲ್ಲದೆ ಬರತೊಡಗಿತು. ನಾನು ಮರುಳಾಗುವುದು ಇದಕ್ಕೇ ನೋಡಿ! ವೇಗವನ್ನು ಯಾರೂ ಬೆನ್ನಟ್ಟಿರಲಿಲ್ಲ. ಅದಾಗಿಯೇ ಬಂತು. ಆಮೇಲೆ ಒಂದು ಭಾನುವಾರ ಅವರು ನನಗೆ ಹೇಳದೆ ಜೋರಾಗಿ ಓಡುವವರ ಗುಂಪಿನ ಜೊತೆ ಹೋದರು. ಮಗ್ಗಿಯೂ ಇಲ್ಲ, ಮಾತೂ ಇಲ್ಲ. ಮರುದಿನ ಕಣಕಾಲು ಮತ್ತೆ ನೋವು. ನನಗೆ ಸಿಟ್ಟು ಬಂದದ್ದು ನಿಜ. ಆದರೆ ಈ ಸಲ ಎರಡು ವಾರ ನಡೆದು, ಬೇಗನೇ ಸರಿಹೋದರು. ಎರಡು ವಾರ ಓಡದಿದ್ದರೆ ಕಳೆದುಹೋಗುವುದು ಬಹಳ ಕಡಿಮೆ. ಅದಕ್ಕೆ ಹೆದರಿ ನೋವಿನಲ್ಲೇ ಓಡುವವರು ತಿಂಗಳುಗಟ್ಟಲೆ ಕಳೆದುಕೊಳ್ಳುತ್ತಾರೆ.

ಓಟದ ಜೊತೆಗೆ ಕೈಗೂ ಕೆಲಸ ಕೊಟ್ಟೆವು. ಕಂಬಿಗೆ ಜೋತು ಬೀಳುವುದು, ಭಾರ ಹಿಡಿದು ನಡೆಯುವುದು. ಹಗ್ಗ ಏರುವುದನ್ನು ಹೇಳಿಕೊಟ್ಟೆ. ಹಗ್ಗ ಏರುವುದು ಕೈಯ ಕೆಲಸ ಅಂತ ಎಲ್ಲರೂ ತಿಳಿದಿದ್ದಾರೆ. ಅಲ್ಲ, ಕಾಲಿನ ಕೆಲಸ. ಹಗ್ಗವನ್ನು ಒಂದು ಪಾದದ ಕೆಳಗಿನಿಂದ ತಂದು ಇನ್ನೊಂದು ಪಾದದಿಂದ ಅದುಮಿ ಹಿಡಿಯಬೇಕು. ಆಗ ಅದೇ ಮೆಟ್ಟಿಲು. ಅದರ ಮೇಲೆ ಎದ್ದು ನಿಲ್ಲಬೇಕು, ಕೈ ಮೇಲಕ್ಕೆ ಹಾಕಬೇಕು, ಮತ್ತೆ ಮಂಡಿ ಮಡಿಚಿ ಹಗ್ಗ ಅದುಮಬೇಕು.

ಓಟದ ದಿನ ಬಂತು. 5 ಕಿಲೋಮೀಟರ್, 20 ಅಡೆತಡೆ. ಶುರುವಾಗುವ ಜಾಗದಲ್ಲಿ ಜೋರು ಸಂಗೀತ, ಕೂಗಾಟ. ಸೀಟಿ ಊದಿದ್ದೇ ತಡ, ಅವರ ಜೊತೆಯವರೆಲ್ಲ ಕಟ್ಟು ಬಿಚ್ಚಿದ ಕರುಗಳ ಹಾಗೆ ಓಡಿದರು. ಟೀಚರ್ ಮಾತ್ರ ಮಗ್ಗಿ ಹೇಳುತ್ತಾ ಕೊನೆಯಲ್ಲಿ ಹೊರಟರು. ನಾನು ಬೇಲಿಯ ಆಚೆ ನಿಂತು ನೋಡುತ್ತಿದ್ದೆ. ಮೊದಲ ದೊಡ್ಡ ಗೋಡೆಯ ಹತ್ತಿರ ಇವರು ಬಂದಾಗ, ಮುಂದೆ ಓಡಿದ್ದವರಲ್ಲಿ ಇಬ್ಬರು ಮಂಡಿಯ ಮೇಲೆ ಕೈಯೂರಿ ಬಗ್ಗಿ ನಿಂತಿದ್ದರು. ಉಸಿರು ಎದೆಯಲ್ಲಿ ನಿಲ್ಲುತ್ತಿಲ್ಲ, ಗೋಡೆ ಹತ್ತುವುದು ಹೇಗೆ? ಇವರು ಒಂದು ಕಾಲು ಎತ್ತಿ ಹಾಕಿ, ಮೈ ಹೊರಳಿಸಿ, ಆಚೆ ಇಳಿದು, ಮುಂದೆ ಹೋದರು.

ಕೆಸರು ದಾಟಿದರು. ಬಕೆಟ್ ಹೊತ್ತು ದಿಬ್ಬ ಏರಿ ಇಳಿದರು. ಅಲ್ಲಿ ಓಡಲಿಲ್ಲ, ನಡೆದರು. ಸರಿಯಾಗಿಯೇ ಮಾಡಿದರು. ದಿಬ್ಬದಲ್ಲಿ ಮಗ್ಗಿ ಬರದಿದ್ದರೆ ನಡೆಯಬೇಕು. ಹಗ್ಗದ ಹತ್ತಿರ ನನಗೇ ಎದೆ ಬಡಿದುಕೊಳ್ಳುತ್ತಿತ್ತು. ಗಟ್ಟಿಮುಟ್ಟಾದ ತರುಣರು ಬರೀ ಕೈಯಲ್ಲಿ ಏರಲು ಹೋಗಿ ಅರ್ಧಕ್ಕೇ ಜಾರುತ್ತಿದ್ದರು. ಬಿಗಿಯಾಗಿ ಹಿಡಿದೇ ಇದ್ದರೆ ಮುಂಗೈ ಸ್ನಾಯುಗಳಿಗೆ ರಕ್ತ ಹರಿಯುವುದೇ ಕಡಿಮೆಯಾಗುತ್ತದೆ. ಅದಾಗಲೇ ಏದುಸಿರು ಇದ್ದರಂತೂ ಕೇಳುವುದೇ ಬೇಡ. ಟೀಚರ್ ಪಾದದಲ್ಲಿ ಹಗ್ಗ ಅದುಮಿದರು, ಎದ್ದು ನಿಂತರು, ಅದುಮಿದರು, ಎದ್ದು ನಿಂತರು. ತುದಿಯ ಗಂಟೆ ಬಾರಿಸಿದರು! ನಾನು ಕೂಗಿದ್ದು ಇಡೀ ಮೈದಾನಕ್ಕೆ ಕೇಳಿಸಿರಬೇಕು.

ಮಂಕಿ ಬಾರ್‌ನಲ್ಲಿ, ಅಂದರೆ ತಲೆಯ ಮೇಲಿನ ಕಂಬಿಗಳನ್ನು ಒಂದೊಂದಾಗಿ ಹಿಡಿದು ಜೋತಾಡುತ್ತಾ ದಾಟುವ ಕಡೆ, ಮಾತ್ರ ಬಿದ್ದರು. ಕೈಯೆಲ್ಲ ಕೆಸರು, ಕಂಬಿಯೆಲ್ಲ ಒದ್ದೆ. ಮೂರನೇ ಕಂಬಿಗೇ ಜಾರಿ ಕೆಳಗೆ ನೀರಿಗೆ. ಆ ಓಟದ ನಿಯಮದ ಪ್ರಕಾರ ಒಂದು ಅಡೆತಡೆ ತಪ್ಪಿದರೆ 30 ಬರ್ಪಿ. ನಿಂತಲ್ಲಿಂದ ನೆಲಕ್ಕೆ ಮಲಗಿ, ಎದ್ದು, ಹಾರುವುದು. ಇವರು ಐದು ಮಾಡಿ ಉಸಿರು ತಂದುಕೊಳ್ಳುವುದು, ಮತ್ತೆ ಐದು ಮಾಡುವುದು. ಪಕ್ಕದಲ್ಲಿ ಒಬ್ಬ ಹುಡುಗ ಒಂದೇ ಉಸಿರಿಗೆ ಮುಗಿಸಲು ಹೋಗಿ ಹನ್ನೆರಡಕ್ಕೇ ಮಲಗಿಬಿಟ್ಟ. ಟೀಚರ್ ಮೂವತ್ತು ಮುಗಿಸಿ ಓಡಿಹೋದರು. ಅವರ ಗುಂಪಿನಲ್ಲಿ ಒಬ್ಬರು ಮಾತ್ರ ಇವರಿಗಿಂತ ಮೊದಲು ಮುಗಿಸಿದ್ದರು. ಉಳಿದವರೆಲ್ಲ ಆಮೇಲೆ ಬಂದರು.

ಮೂರನೇ ದಿನ ಫೋನ್ ಮಾಡಿದರು. ಕೈ ಮೇಲೆತ್ತಲು ಆಗುತ್ತಿಲ್ಲ, ಕಾಲು ಮಾತ್ರ ಚೆನ್ನಾಗಿದೆ, ಓಡಲೇ ಅಂತ ಕೇಳಿದರು. ಬೇಡ ಅಂದೆ. ಅಭ್ಯಾಸವಿಲ್ಲದ ಕೆಲಸ ಮಾಡಿದ ಮೇಲೆ ಸ್ನಾಯುನೋವು ಒಂದರಿಂದ ಮೂರು ದಿನದೊಳಗೆ ಜೋರಾಗಿರುತ್ತದೆ. ಅದು ಗಾಯದ ನೋವಲ್ಲ, ತಾನಾಗಿಯೇ ಇಳಿಯುತ್ತದೆ. ಅಲ್ಲಿಯವರೆಗೆ ಸುಮ್ನೆ ನಡೆದಾಡಿ ಅಂದೆ.

ಅಯ್ಯೋ, ನಿರೂಪಕರು ಗಡಿಯಾರ ತೋರಿಸುತ್ತಿದ್ದಾರೆ. ಶೂ ಬಗ್ಗೆ, ನೀರಿನ ಬಗ್ಗೆ, ನಿದ್ದೆಯ ಬಗ್ಗೆ ಹೇಳಬೇಕು ಅಂತ ಬರೆದುಕೊಂಡು ಬಂದಿದ್ದೆ. ಬೇಗ ಬೇಗ ಹೇಳಿಬಿಡುತ್ತೇನೆ.

ಶೂ ಕಾಲಿಗೆ ಹಿತವಾಗಿರಬೇಕು, ಅಷ್ಟೇ. ಮುಂದೆ ಹೆಬ್ಬೆರಳ ಅಗಲದಷ್ಟು ಜಾಗ ಇರಲಿ. ಬಾಯಾರಿದಾಗ ನೀರು ಕುಡಿಯಿರಿ. ಬಾಯಾರಿಕೆ ಇಲ್ಲದೆ ಲೀಟರ್‌ಗಟ್ಟಲೆ ಕುಡಿಯಬೇಡಿ. ಹಾಗೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಪ್ರಾಣಕ್ಕೇ ತೊಂದರೆ ಆಗಬಹುದು. ನಿದ್ದೆ ಕೆಟ್ಟ ಮರುದಿನ ಓಡುವುದಿದ್ದರೆ ಇನ್ನೂ ನಿಧಾನವಾಗಿ ಓಡಿ. ಮೂಳೆಯ ಮೇಲೆ ಒಂದೇ ಜಾಗದಲ್ಲಿ ಬೆರಳಿಟ್ಟರೆ ನೋವು, ರಾತ್ರಿ ಮಲಗಿದಾಗಲೂ ನೋವು ಅಂದರೆ ಓಟ ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಅದು ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಓಡುವಾಗ ಎದೆ ನೋವು, ತಲೆ ಸುತ್ತು ಬಂದರೆ ಆ ಕ್ಷಣವೇ ನಿಲ್ಲಿಸಿ. ಇದರಲ್ಲಿ ಯೋಚನೆ ಮಾಡುವುದಕ್ಕೆ ಏನೂ ಇಲ್ಲ.

ಹಾಗಾದರೆ ಜೋರಾಗಿ ಓಡುವುದು ಯಾವಾಗ ಅಂತ ಖಂಡಿತ ಕೇಳುತ್ತೀರಿ. ಎಲ್ಲರೂ ಕೇಳುತ್ತಾರೆ. ಮೂರು ತಿಂಗಳು ನೋವಿಲ್ಲದೆ ಓಡಿದ ಮೇಲೆ, ವಾರಕ್ಕೆ ಒಂದು ದಿನ, ಕೆಲವೇ ನಿಮಿಷ. ಉಳಿದ ದಿನಗಳಲ್ಲಿ ಮಗ್ಗಿ. ಗಣಿತ ಬೇಡ ಅನ್ನುವವರು ಪದ್ಯ ಹೇಳಿಕೊಳ್ಳಿ, ಇಲ್ಲವೇ ಜೊತೆಗೆ ಮಾತಾಡುವ ಸ್ನೇಹಿತರನ್ನು ಕರೆದುಕೊಂಡು ಹೋಗಿ. ಆದರೆ ಬಾಯಿಬಿಟ್ಟು ಹೇಳಿ. ಮನಸ್ಸಿನಲ್ಲೇ ಹೇಳಿಕೊಂಡರೆ ಲೆಕ್ಕಕ್ಕಿಲ್ಲ.

ನಮಸ್ಕಾರ.