ಬೋರ್ನ್‌ಮತ್‌ನಿಂದ ಬಂದ ಫೋನ್

ಎಲ್ಲರಿಗೂ ನಮಸ್ಕಾರ.

ಎರಡನೇ ಮಹಾಯುದ್ಧದ ಬ್ರಿಟನ್ ಅಂದ ಕೂಡಲೇ ನಮಗೆ ನೆನಪಾಗುವುದು ಚರ್ಚಿಲ್. ಬಾಯಲ್ಲಿ ಸಿಗಾರ್, ರೇಡಿಯೊದಲ್ಲಿ ಭಾಷಣ. ಇವತ್ತು ನಾನು ಮಾತಾಡುವುದು ಅವರ ಜೊತೆಗಿದ್ದ ಕ್ಲೆಮೆಂಟ್ ಅಟ್ಲಿ ಬಗ್ಗೆ, ಅವರ ಲೇಬರ್ ಪಕ್ಷದ ಬಗ್ಗೆ. ಯುದ್ಧದ ಹೊತ್ತಿನಲ್ಲಿ ಚರ್ಚಿಲ್ ನಡೆಸಿದ ಸಮ್ಮಿಶ್ರ ಸರ್ಕಾರ ಹುಟ್ಟಬೇಕೋ ಬೇಡವೋ, ಮುಗಿಯಬೇಕೋ ಬೇಡವೋ ಅನ್ನುವುದು ಎರಡು ಸಲವೂ ತೀರ್ಮಾನವಾಗಿದ್ದು ಪಕ್ಷದ ಸಭೆಯಲ್ಲಿ.

1940ರ ಮೇ. ನಾರ್ವೆಯಲ್ಲಿ ಬ್ರಿಟಿಷ್ ಸೇನೆ ಸೋತು ಸುಣ್ಣವಾಗಿತ್ತು. 8ನೇ ತಾರೀಕು ರಾತ್ರಿ ಸಂಸತ್ತಿನಲ್ಲಿ ಮತ ಎಣಿಸಿದಾಗ ಕನ್ಸರ್ವೇಟಿವ್ ಪಕ್ಷದ ಪ್ರಧಾನಿ ಚೇಂಬರ್ಲಿನ್ ಪರ 281, ವಿರುದ್ಧ 200. ಲೆಕ್ಕದಲ್ಲಿ ಗೆದ್ದರು. ಆದರೆ ಸ್ವಂತ ಪಕ್ಷದವರೇ ಹಲವರು ಕೈಕೊಟ್ಟಿದ್ದರು. ಎಲ್ಲ ಪಕ್ಷಗಳನ್ನೂ ಸೇರಿಸಿಕೊಳ್ಳದೆ ಬೇರೆ ದಾರಿ ಇರಲಿಲ್ಲ.

ಮರುದಿನ ಸಂಜೆ ಚೇಂಬರ್ಲಿನ್ ಅಟ್ಲಿ ಮತ್ತು ಲೇಬರ್ ಉಪನಾಯಕ ಗ್ರೀನ್‌ವುಡ್‌ರನ್ನು ಕರೆಸಿ, ಸರ್ಕಾರ ಸೇರುತ್ತೀರಾ ಎಂದು ಕೇಳಿದರು. ಅಟ್ಲಿ ಅಲ್ಲೇ ಹೂಂ ಅನ್ನಲಿಲ್ಲ. ಪಕ್ಷವನ್ನು ಕೇಳಿ ಹೇಳುತ್ತೇವೆ ಅಂದರು. ಎರಡೇ ಪ್ರಶ್ನೆ. ಚೇಂಬರ್ಲಿನ್ ಕೈಕೆಳಗೆ ಸೇರೋಣವೇ? ಬೇರೆ ಯಾರಾದರೂ ಪ್ರಧಾನಿಯಾದರೆ ಸೇರೋಣವೇ?

ಯಾಕೆ ಇಷ್ಟು ಎಚ್ಚರ? 1931ರಲ್ಲಿ ಅವರ ಹಿಂದಿನ ನಾಯಕ ರಾಮ್ಸೆ ಮ್ಯಾಕ್‌ಡೊನಾಲ್ಡ್ ಪಕ್ಷವನ್ನು ಬಿಟ್ಟು ತಾವೇ ಮೈತ್ರಿ ಸರ್ಕಾರ ಕಟ್ಟಿದ್ದರು. ಪಕ್ಷ ಅವರನ್ನು ಹೊರಹಾಕಿತು. ಆಮೇಲೆ ಬಂದ ಚುನಾವಣೆಯಲ್ಲಿ ಲೇಬರ್‌ಗೆ ಉಳಿದದ್ದು ಬರೀ 52 ಸೀಟು. ಆ ಗಾಯ ಇನ್ನೂ ಹಸಿಯಾಗಿಯೇ ಇತ್ತು.

ಮೇ 10ರ ಬೆಳಗಿನ ಜಾವ ಹಿಟ್ಲರ್ ಸೇನೆ ಹಾಲೆಂಡ್, ಬೆಲ್ಜಿಯಂಗೆ ನುಗ್ಗಿತು. ಇಂಥ ಹೊತ್ತಲ್ಲಿ ತಾನೇ ಮುಂದುವರಿಯಬೇಕು ಅಂತ ಚೇಂಬರ್ಲಿನ್‌ಗೆ ಅನಿಸತೊಡಗಿತು. ಅತ್ತ ಸಮುದ್ರದಂಡೆಯ ಬೋರ್ನ್‌ಮತ್ ಊರಿನಲ್ಲಿ, ಸಮ್ಮೇಳನಕ್ಕೆಂದು ಬಂದಿದ್ದ ಲೇಬರ್ ಮುಖಂಡರು ಸಭೆ ಕೂತಿದ್ದರು. ಸಂಜೆ ಅಲ್ಲಿಂದ ಅಟ್ಲಿ ಫೋನ್ ಮಾಡಿದರು. ಮೊದಲ ಪ್ರಶ್ನೆಗೆ ಇಲ್ಲ, ಎರಡನೆಯದಕ್ಕೆ ಹೌದು. ಅಷ್ಟೇ. ಚೇಂಬರ್ಲಿನ್ ಅರಮನೆಗೆ ಹೋಗಿ ರಾಜೀನಾಮೆ ಕೊಟ್ಟರು. ಅದೇ ಸಂಜೆ ಚರ್ಚಿಲ್ ಪ್ರಧಾನಿಯಾದರು.

ಮೇ 13ರಂದು ಚರ್ಚಿಲ್ ಸಂಸತ್ತಿಗೆ ಬಂದಾಗ ಅವರ ಪಕ್ಷದ ಸಾಲುಗಳಲ್ಲಿ ಜೋರಾಗಿ ಜೈಕಾರ ಸಿಕ್ಕಿದ್ದು ಚೇಂಬರ್ಲಿನ್‌ಗೆ! ಚರ್ಚಿಲ್‌ರನ್ನು ಹುರಿದುಂಬಿಸಿದವರು ಹೆಚ್ಚಾಗಿ ಲೇಬರ್‌ನವರು. ಕನ್ಸರ್ವೇಟಿವ್ ಪಕ್ಷದ ನಾಯಕತ್ವವೂ ಅಕ್ಟೋಬರ್‌ವರೆಗೆ ಚೇಂಬರ್ಲಿನ್ ಬಳಿಯೇ ಇತ್ತು. ಐದು ಜನರ ಯುದ್ಧ ಸಂಪುಟದಲ್ಲಿ ಇಬ್ಬರು ಲೇಬರ್‌ನವರು. ಮೇ ಕೊನೆಯಲ್ಲಿ, ಇಟಲಿಯ ಮೂಲಕ ಸಂಧಾನ ಸಾಧ್ಯವೇ ನೋಡೋಣ ಎಂದು ವಿದೇಶಾಂಗ ಮಂತ್ರಿ ಹ್ಯಾಲಿಫ್ಯಾಕ್ಸ್ ಒತ್ತಾಯಿಸಿದಾಗ ಅಟ್ಲಿ, ಗ್ರೀನ್‌ವುಡ್ ಚರ್ಚಿಲ್ ಪರ ನಿಂತರು. ಆ ಇಬ್ಬರು ಅಲುಗಾಡಿದ್ದರೆ ಏನಾಗುತ್ತಿತ್ತು, ಯೋಚಿಸಿ.

ಹಾಗಂತ ಒಳಗೆ ಎಲ್ಲ ಸರಿಯಿತ್ತು ಅಂತಲ್ಲ. ಎಲ್ಲರಿಗೂ ಸಾಮಾಜಿಕ ವಿಮೆ ಬೇಕೆಂದ ಬೆವರಿಜ್ ವರದಿ 1942ರ ಡಿಸೆಂಬರ್‌ನಲ್ಲಿ ಬಂತು. ಸರ್ಕಾರ ಅರೆಮನಸ್ಸಿನಿಂದ ಒಪ್ಪಿತು. 1943ರ ಫೆಬ್ರವರಿಯಲ್ಲಿ ಲೇಬರ್ ಸದಸ್ಯರು ತಮ್ಮದೇ ಮಂತ್ರಿಗಳ ಮಾತು ಮೀರಿ ಸರ್ಕಾರದ ವಿರುದ್ಧ ಮತ ಹಾಕಿದರು. ಇನ್ನೊಂದು ದಿನವಂತೂ ಬರೀ ಒಂದು ಮತದಿಂದ ಸರ್ಕಾರ ಸೋತಿತು. 1944ರ ಮಾರ್ಚ್, 117ಕ್ಕೆ 116. ವಿಷಯ ಏನು ಗೊತ್ತಾ? ಶಿಕ್ಷಕಿಯರಿಗೂ ಶಿಕ್ಷಕರಷ್ಟೇ ಸಂಬಳ. ಚರ್ಚಿಲ್ ಅದನ್ನು ವಿಶ್ವಾಸಮತದ ಪ್ರಶ್ನೆ ಮಾಡಿ ರದ್ದು ಮಾಡಿಸಿದರು. ಎಂಥ ನ್ಯಾಯವಾದ ಬೇಡಿಕೆ, ಅಲ್ವಾ? ನನಗೆ ಇವತ್ತಿಗೂ ಬೇಜಾರಾಗುತ್ತದೆ.

ನಮ್ಮ ಮಟ್ಟಿಗೆ ಅಟ್ಲಿಯೂ ಸಾಚಾ ಅಲ್ಲ. 1942ರ ಆಗಸ್ಟ್‌ನಲ್ಲಿ ಗಾಂಧೀಜಿಯವರನ್ನು, ಕಾಂಗ್ರೆಸ್ ನಾಯಕರನ್ನು ಬಂಧಿಸಲು ಲಂಡನ್ ಒಪ್ಪಿಗೆ ಕೊಟ್ಟಾಗ ಚರ್ಚಿಲ್ ಈಜಿಪ್ಟ್‌ನಲ್ಲಿದ್ದರು. ಆ ಸಂಪುಟ ಸಭೆಯ ಅಧ್ಯಕ್ಷತೆ ವಹಿಸಿದ್ದು ಉಪಪ್ರಧಾನಿ ಅಟ್ಲಿ. ಅವರ ಬಗ್ಗೆ ಮೆಚ್ಚಿ ಮಾತಾಡುವಾಗಲೂ ಇದನ್ನು ನಾನು ಬಿಟ್ಟು ಹೇಳಲಾರೆ.

1945ರ ಮೇ. ಜರ್ಮನಿ ಶರಣಾಯಿತು. ಜಪಾನ್ ಸೋಲುವವರೆಗೂ ಜೊತೆಗಿರೋಣ ಎಂದು ಚರ್ಚಿಲ್ ಪತ್ರ ಬರೆದರು. ಅಟ್ಲಿಗೂ, ಕಾರ್ಮಿಕ ಮಂತ್ರಿ ಬೆವಿನ್‌ಗೂ ಮುಂದುವರಿಯುವ ಮನಸ್ಸಿತ್ತು. ಪಕ್ಷ ಆಗ ಬ್ಲ್ಯಾಕ್‌ಪೂಲ್‌ನಲ್ಲಿ ಸೇರಿತ್ತು. ಬೇಡ ಅಂದಿತು. ಅಟ್ಲಿ ತಲೆಬಾಗಿದರು. ಸಮ್ಮಿಶ್ರ ಸರ್ಕಾರ ಮುಗಿಯಿತು, ಚುನಾವಣೆ ನಡೆಯಿತು.

ಜುಲೈನಲ್ಲಿ ಜರ್ಮನಿಯ ಪೋಟ್ಸ್‌ಡ್ಯಾಮ್‌ನಲ್ಲಿ ನಡೆದ ಗೆದ್ದ ದೇಶಗಳ ಮಾತುಕತೆಗೆ ಚರ್ಚಿಲ್ ಅಟ್ಲಿಯನ್ನೂ ಕರೆದುಕೊಂಡು ಹೋಗಿದ್ದರು. ಚುನಾವಣೆಯ ಫಲಿತಾಂಶಕ್ಕೆಂದು ಇಬ್ಬರೂ ಲಂಡನ್‌ಗೆ ಬಂದರು. ಲೇಬರ್‌ಗೆ 393 ಸೀಟು. ಸ್ಟಾಲಿನ್, ಟ್ರೂಮನ್ ಕಾಯುತ್ತಿದ್ದ ಮೇಜಿಗೆ ವಾಪಸ್ ಹೋದವರು ಪ್ರಧಾನಿ ಅಟ್ಲಿ, ಜೊತೆಗೆ ವಿದೇಶಾಂಗ ಮಂತ್ರಿ ಬೆವಿನ್.